ಹಳೆಯ ನಾಣ್ಯಗಳ ಹೆಸರು: ಫಲಕಕ್ಕೆ ಯಾವ ರೂಪ, ಓದುವಾಗ ಯಾವ ಉಚ್ಚಾರ?

ವಿಜಯಪುರದಿಂದ:

ಮಾನ್ಯರೇ, ನಮ್ಮ ಕಾಲೇಜಿನಲ್ಲಿ ಸೋಮವಾರ ಹಳೆಯ ನಾಣ್ಯಗಳ ಪ್ರದರ್ಶನವಿದೆ. ಫಲಕ ಬರೆಯುವವರು ನಾಳೆ ಸಂಜೆಯೊಳಗೆ ಒಕ್ಕಣೆ ಕೈಗೆ ಬರಬೇಕೆಂದು ಹಟ ಹಿಡಿದಿದ್ದಾರೆ. ಅದೇ ಹೆಸರುಗಳನ್ನು ವಿದ್ಯಾರ್ಥಿನಿಯೊಬ್ಬಳು ಓದಿ ಧ್ವನಿಮುದ್ರಿಸಬೇಕಾಗಿದೆ. ತೊಡಕು ಹುಟ್ಟಿದ್ದೇ ಅಲ್ಲಿ. ಆದಿಲ್‌ಶಾಹಿ ಕಾಲದ, ಬೆಳ್ಳಿಯ ತಂತಿಯನ್ನು ನಡುವೆ ಮಡಿಸಿ ಮುದ್ರೆಯೊತ್ತಿದ ನಾಣ್ಯದ ಕೆಳಗೆ ‘ಲಾರಿ’ ಎಂದು ಬರೆದುಕೊಟ್ಟಿದ್ದೆ. ಆಕೆ ಚೀಟಿಯನ್ನೂ ತಂತಿಯನ್ನೂ ಎರಡೆರಡು ಸಲ ನೋಡಿ, ‘ಸರ್, ಇದರಾಗ ಲಾರಿ ಎಲ್ಲಿ ಐತ್ರಿ?’ ಎಂದಳು. ಇದಲ್ಲದೆ ಹಳೆಯ ಸಣ್ಣ ಚಿನ್ನದ ನಾಣ್ಯಕ್ಕೆ ‘ಫಣಂ’ ಎಂದು ಬರೆಯಬೇಕೋ ‘ಹಣ’ ಬರೆಯಬೇಕೋ, ಶಿವಾಜಿಯ ಚಿನ್ನದ ನಾಣ್ಯವನ್ನು (ನಮ್ಮಲ್ಲಿರುವುದು ಚಿತ್ರ ಮಾತ್ರ) ‘ಹೋನ್’ ಎನ್ನಬೇಕೋ ‘ಹೊನ್ನು’ ಎನ್ನಬೇಕೋ, ಆಣೆ–ಆಣಾ–ಅಣಾಗಳಲ್ಲಿ ಯಾವುದು ಸರಿ, ಪಾವಲಿ, ಅಧೇಲಿ, ಚವಲಿಗಳನ್ನು ಹೇಗೆ ಓದಿಸಬೇಕು ಎಂಬುದನ್ನು ದಯವಿಟ್ಟು ಇಂದೇ ತಿಳಿಸಿ.

ಬಾಗಲಕೋಟೆಯಿಂದ:

ಲಾರಿಗೆ ಬೇರೆ ಹೆಸರು ಹುಡುಕಬೇಕಾಗಿಲ್ಲ. ಪರ್ಶಿಯಾದ ಲಾರ್ ಎಂಬ ಊರಿನಿಂದ ಬಂದ ಹೆಸರದು. ಎರಡನೆಯ ಅಲಿ ಆದಿಲ್‌ಶಾಹನ (1656–1672) ಹೆಸರಿನಲ್ಲಿಯೂ ಇಂಥವು ಟಂಕಿತವಾಗಿವೆ. ಸರಕು ಹೊರುವ ಲಾರಿಗೂ ಇದಕ್ಕೂ ಬರವಣಿಗೆಯಲ್ಲಾಗಲಿ ನುಡಿಯಲ್ಲಾಗಲಿ ವ್ಯತ್ಯಾಸವಿಲ್ಲದ ಕಾರಣ ‘ಲಾರಿ ನಾಣ್ಯ’ ಎಂದು ಕೂಡಿಸಿ ಬರೆದರೆ ಸಾಕು.

‘ಫಣಂ’ ಬರೆಸಿದರೆ ವಿಜಯಪುರದ ಬಸ್ಸು ಹತ್ತಿ ಬಂದು ನಾನೇ ಅಳಿಸುತ್ತೇನೆ. ತಮಿಳು, ಮಲಯಾಳಗಳ ‘ಪಣಂ’ ಯುರೋಪಿಯನ್ನರ ಬಾಯಲ್ಲಿ ಕೆಟ್ಟು ಇಂಗ್ಲಿಷ್ ಪುಸ್ತಕಗಳ ಮೂಲಕ ನಮ್ಮ ಫಲಕಗಳಿಗೆ ಇಳಿದ ರೂಪವದು. ನಮ್ಮಲ್ಲಿ ಪಣ ಹಣವಾಯಿತು, ಪೊನ್ ಹೊನ್ನಾಯಿತು, ಪಾಗ ಹಾಗವಾಯಿತು. ಹಣದ ಕಾಲುಭಾಗ ಹಾಗ, ಅರ್ಧ ಅಡ್ಡ, ಮುಕ್ಕಾಲು ಮುಪ್ಪಾಗ. ಪದದ ಮೊದಲಲ್ಲಿದ್ದ ಪಕಾರ ಹಕಾರವಾಗಿ ಸವೆದುಹೋದರೂ ಮುಪ್ಪಾಗದೊಳಗೆ ಒತ್ತಿನ ಆಸರೆ ಹಿಡಿದು ಇನ್ನೂ ಕುಳಿತಿರುವುದನ್ನು ಗಮನಿಸಿ. ಇಪ್ಪತ್ತರಲ್ಲಿ ಪತ್ತು ಉಳಿದದ್ದೂ ಹೀಗೆಯೇ. ನಮ್ಮ ಸಂತೆಯಲ್ಲಿ ಈಗಲೂ ‘ಪಾವ ಕಿಲೋ’ ಎನ್ನುತ್ತಾರಲ್ಲ, ಆ ಪಾವದ ಮೂಲ ಸಂಸ್ಕೃತದ ಪಾದ, ಎಂದರೆ ಕಾಲುಭಾಗ. ನಾಲ್ಕಾಣೆಯ ಪಾವಲಿ ಅದರ ಮಗಳು. ಹಾಗವೂ ಅದೇ ಮನೆತನದ್ದೆಂಬುದು ನನ್ನ ಹಳೆಯ ಊಹೆ, ಇಲ್ಲಿ ಯಾರೂ ಅದನ್ನು ಒಪ್ಪಿಲ್ಲವೆಂಬುದೂ ನನಗೆ ನೆನಪಿದೆ.

ಹೊನ್ನಿನ ವಿಷಯದಲ್ಲಿ ಅನುಮಾನವೇ ಬೇಡ. ಮರಾಠಿಯವರು ನಮ್ಮ ಹೊನ್ನನ್ನು ಒಯ್ದರು. ದೇವನಾಗರಿಯಲ್ಲಿ ಹ್ರಸ್ವ ಒಕಾರವಿಲ್ಲದ್ದರಿಂದ ಅದು ‘ಹೋನ್’ ಎಂದು ದೀರ್ಘವಾಗಿ ನಿಂತಿತು. ಕನ್ನಡ ಫಲಕದಲ್ಲಿ ಅದನ್ನು ಮತ್ತೆ ಹಿಗ್ಗಿಸಿ ಬರೆಯುವುದೇಕೆ?

ಇನ್ನು ಆಣೆ. ತೆಲುಗಿನವರು ‘ಅಣಾ’ ಎನ್ನುತ್ತಾರೆ, ಮರಾಠಿಯವರು ‘ಆಣಾ’. ಪೈಸಾ ಪೈಸೆಯಾದಂತೆ, ಖಜಾನಾ ಖಜಾನೆಯಾದಂತೆ ನಮ್ಮಲ್ಲಿ ಅದು ಆಣೆ. ಮೊದಲ ಸ್ವರವನ್ನು ಮೊಟಕು ಮಾಡಿದರೆ ನದಿಗೆ ಕಟ್ಟುವ ಅಣೆಯಾದೀತು. ಓದುವಾಗ ನಾಲ್ಕಾಣೆ, ಎಂಟಾಣೆ ಎಂದು ಸಂಧಿ ಮಾಡಿಯೇ ಓದಲಿ; ‘ನಾಲ್ಕು ಆಣೆ’ ಎಂದು ಬಿಡಿಸಿ ಓದಿದರೆ ದೇವರ ಮೇಲೆ ನಾಲ್ಕು ಸಲ ಆಣೆಯಿಟ್ಟಂತೆ ಕೇಳಿಸುತ್ತದೆ. ಅಧೇಲಿ ಎಂಟಾಣೆ, ಅದರ ಮಹಾಪ್ರಾಣವನ್ನು ಉಳಿಸಿ. ಚವಲಿ ಎರಡಾಣೆ. ಮರಾಠಿಯಲ್ಲಿ ಚಕಾರಕ್ಕೆ ಎರಡು ಉಚ್ಚಾರಗಳಿದ್ದರೂ ಕನ್ನಡಕ್ಕೆ ಬಂದ ಮೇಲೆ ಒಂದೇ.

ಬೆಳಗಾವಿಯಿಂದ:

‘ಫಣಂ’ ಬೇಡವೆಂಬುದು ಸರಿ, ಹೇಳಿದ ಕಾರಣ ತಪ್ಪು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಯ ನಾಣ್ಯಗಳನ್ನು ವರಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಾಲಾದ ‘ಫನಮ್’ ಎಂದು ಪರ್ಶಿಯನ್ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಎಲ್ಲ ಕೇಡನ್ನೂ ಯುರೋಪಿಯನ್ನರ ತಲೆಗೆ ಕಟ್ಟುವ ಮೊದಲು ಇಸವಿಗಳನ್ನು ನೋಡಬೇಕು.

ಆಣೆ, ಪಾವಲಿ, ಅಧೇಲಿ, ಚವಲಿಗಳನ್ನೆಲ್ಲ ಫಲಕಕ್ಕೇರಿಸುವ ಹಟವೂ ನನಗೆ ಅರ್ಥವಾಗುತ್ತಿಲ್ಲ. ಹದಿನಾರರಲ್ಲೊಂದು ಪಾಲಿಗೆ ಕನ್ನಡದಲ್ಲಿ ‘ವೀಸ’ ಇದೆ, ಅದನ್ನೇ ಬರೆಯಿರಿ. ಬೆಳಗಾವಿಯಲ್ಲಿ ಫಲಕದ ಒಂದೊಂದು ಅಕ್ಷರಕ್ಕೂ ಜಗಳವಾಡಿ ಬದುಕಿದವರಿಗೆ ಇದು ಗೊತ್ತಿದೆ. ಬಾಗಲಕೋಟೆಯವರಿಗೆ ವಿವರಿಸಲು ನನಗೆ ಪುರಸೊತ್ತಿಲ್ಲ.

ಬಾಗಲಕೋಟೆಯಿಂದ:

ರಜಾಕ್‌ನ ವಿಷಯ ಒಪ್ಪಿದೆ. ವೀಸವನ್ನು ಒಪ್ಪಲಾರೆ. ವೀಸ ಹಣದ ಲೆಕ್ಕದ ಮಾತು, ಆಣೆ ರೂಪಾಯಿಯ ಲೆಕ್ಕದ್ದು; ಎರಡೂ ಹದಿನಾರರಲ್ಲೊಂದು ಎಂದ ಮಾತ್ರಕ್ಕೆ ಒಂದರ ಕೊರಳಿಗೆ ಇನ್ನೊಂದರ ಹೆಸರು ಕಟ್ಟಿದರೆ ನೋಡಲು ಬಂದ ಹುಡುಗರಿಗೆ ಸುಳ್ಳು ಹೇಳಿದಂತಾಗುತ್ತದೆ. ಅಷ್ಟಕ್ಕೂ ಸಂಸ್ಕೃತದ ರೂಪ್ಯದಿಂದ ಬಂದ ರೂಪಾಯಿಯನ್ನು ತಾವು ಮುಟ್ಟದೆ ಬಿಟ್ಟದ್ದೇಕೆ?

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಐದನೆಯ ಜಾರ್ಜ್ ಕಾಲದ ಒಂದಾಣೆಯಿದೆ, ಅಂಚು ಹೂವಿನ ಎಸಳಿನಂತೆ ಬಾಗಿರುವಂಥದ್ದು. ಅದರ ಮೇಲೆ ಇಂಗ್ಲಿಷಿನ ಜೊತೆಗೆ ಉರ್ದು, ನಾಗರಿ, ಬಂಗಾಳಿ, ತೆಲುಗು ಅಕ್ಷರಗಳಿವೆ, ಕನ್ನಡವಿಲ್ಲ. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಹಿರಿಯರು ಇದನ್ನು ಎಣಿಸಿದರು, ಸೆರಗಿನಲ್ಲಿ ಗಂಟು ಕಟ್ಟಿದರು, ಆದರೆ ಅದರ ಕನ್ನಡದ ಹೆಸರನ್ನು ನಾಣ್ಯದ ಮೇಲೆ ಒಮ್ಮೆಯೂ ಓದಲಿಲ್ಲ. ಆ ಹೆಸರು ಉಳಿದದ್ದು ಅವರ ಬಾಯಲ್ಲಿ ಮಾತ್ರ. 1957ರ ಏಪ್ರಿಲ್ 1ಕ್ಕೆ ದಶಮಾಂಶ ಪದ್ಧತಿ ಬಂದ ಮೇಲೂ 25 ಪೈಸೆಯನ್ನು, ಅದು 2011ರ ಜೂನ್ ಕೊನೆಗೆ ರದ್ದಾಗುವವರೆಗೆ, ನಾಲ್ಕಾಣೆಯೆಂದೇ ಕರೆದದ್ದು ಆ ಬಾಯಿಯೇ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ, ತಮಗೂ ಇಲ್ಲ.

ಬೆಳಗಾವಿಯಿಂದ:

ಆ ಬಾಯಿ ‘ಆಣೆ’ ಎನ್ನಲಿಲ್ಲ, ‘ಆಣಿ’ ಎಂದಿತು. ಮನೆ ಮನಿಯಾಗುವ, ಶಾಲೆ ಸಾಲಿಯಾಗುವ ನಾಡಿನಲ್ಲಿ ಕುಳಿತು ‘ಆಣೆ’ ಬರೆಯುವ ತಾವೂ ಅದನ್ನು ತಿದ್ದಿಯೇ ಬರೆಯುತ್ತಿದ್ದೀರಿ. ಅಂದ ಮೇಲೆ ತಿದ್ದುವ ಅಧಿಕಾರದ ಮಾತೇಕೆ?

ವಿಜಯಪುರದಿಂದ:

ಇಬ್ಬರಿಗೂ ವಂದನೆಗಳು. ಹಣ, ಹೊನ್ನು, ಲಾರಿ ನಾಣ್ಯ, ಪಾವಲಿ, ಅಧೇಲಿ, ಚವಲಿಗಳನ್ನು ಹಾಗೆಯೇ ಕೊಟ್ಟಿದ್ದೇನೆ. ವೀಸವನ್ನು ಬಿಟ್ಟಿದ್ದೇನೆ, ಕ್ಷಮಿಸಿ. ಆಣೆಯದೊಂದು ಉಳಿದಿದೆ. ಫಲಕದವರು ನಮ್ಮನ್ನು ಕಾಯದೆ ‘ಎಂಟಾಣಿ’ ಎಂದು ದಪ್ಪಕ್ಷರದಲ್ಲಿ ಬರೆದು ಬಿಸಿಲಿಗೆ ಇಟ್ಟಿದ್ದಾರೆ. ಬಣ್ಣ ಇನ್ನೂ ಹಸಿಯಾಗಿದೆ, ತಿದ್ದಬೇಕಾದರೆ ಅರ್ಧ ಗಂಟೆಯೊಳಗೆ ಹೇಳಿರೆಂದು ಅವರು ಬಾಗಿಲಲ್ಲೇ ನಿಂತಿದ್ದಾರೆ.