ಡಿಕ್ಕಿಗೆ ಯಾವ ಮ್ಯಾಟ್ ಹಾಕ್ಸೋದು? ಅನುಭವ ಇರೋರು ಹೇಳಿ

ಶಿರಸಿ ಹುಡುಗ
ಹೋದ ತಿಂಗಳು 2019ರ ವೋಲ್ವೋ ಎಕ್ಸ್‌ಸಿ90 ತಗೊಂಡ್ವಿ, ಸೆಕೆಂಡ್ ಹ್ಯಾಂಡ್, ಏಳು ಸೀಟಿಂದು. ಕೊನೇ ಸಾಲು ಹೆಚ್ಚಾಗಿ ಮಡಚೇ ಇರುತ್ತೆ. ತಿಂಗಳಿಗೊಮ್ಮೆ ಬೆಂಗಳೂರಿಂದ ಊರಿಗೆ. ವಾಪಸ್ ಬರೋವಾಗ ಹಲಸಿನಹಣ್ಣು, ತೆಂಗಿನಕಾಯಿ, ಜೋನಿಬೆಲ್ಲದ ಡಬ್ಬ. ಜತೆಗೊಂದು ಲ್ಯಾಬ್ರಡಾರ್. ಟಿಪಿಇ (ರಬ್ಬರಿನ ಥರ ಬಾಗೋ ಪ್ಲಾಸ್ಟಿಕ್) ಟ್ರೇ ಒಳ್ಳೇದಾ, ಹೊಲಿದ 7ಡಿ ಮ್ಯಾಟಾ? ಕೊನೇ ಸೀಟ್ ಎತ್ತಬೇಕಾದಾಗ ಟ್ರೇ ಏನ್ ಮಾಡ್ತೀರಿ?

ಸಕಲೇಶಪುರ ತೋಟ
7ಡಿ ಸಹವಾಸ ಬೇಡ. 2022ರಲ್ಲಿ ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಹಾಕಿಸಿದೆ. 8,500 ಹೇಳಿ 7,200ಕ್ಕೆ ಇಳಿದ. ಮೇಲೆ ರೆಕ್ಸಿನ್, ಒಳಗೆ ಫೋಮ್, ಡೈಮಂಡ್ ಹೊಲಿಗೆ, ನೋಡೋಕೆ ಛತ್ರದ ಸೋಫಾ. ಮೊದಲ ಮಳೆಗಾಲ ಏನೂ ಗೊತ್ತಾಗಲಿಲ್ಲ. ಎರಡನೇ ಮಳೆಗಾಲ ತೋಟಕ್ಕೆ ತುರ್ತಾಗಿ ಪೊಟ್ಯಾಷ್ ಗೊಬ್ಬರ ಬೇಕಿತ್ತು, ಎರಡು ಚೀಲ ಡಿಕ್ಕಿಗೆ ಹಾಕ್ಕೊಂಡು ಬಂದೆ. ಒಂದರ ಮೂಲೆ ಹರಿದಿತ್ತು. ಉದುರಿದ್ದನ್ನ ಗುಡಿಸಿ ಒದ್ದೆ ಬಟ್ಟೇಲಿ ಒರೆಸಿದೆ, ಅದೇ ತಪ್ಪಾಯ್ತು. ಹೊಲಿಗೆ ಅಂದ್ರೆ ಸಾವಿರ ಸೂಜಿತೂತು, ಆ ಉಪ್ಪುನೀರು ಅಷ್ಟೂ ಕೆಳಗಿಳೀತು. ಆಗಸ್ಟಲ್ಲಿ ಸ್ಟೆಪ್ನಿ ತೆಗೆಯೋಕೆ ಮ್ಯಾಟ್ ಎತ್ತಿದ್ರೆ ಫೋಮಿಗೆಲ್ಲ ಬೂಷ್ಟು, ಅದರಡಿ ಗುಲಾಬಿ ಹರಳು ಕೂತೇ ಇದೆ, ಹಗ್ಗ ಕಟ್ಟೋ ಕೊಕ್ಕೆ ತುಕ್ಕು. ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇರುತ್ತೆ ಸಾರ್, ಗಾಳಿಯ ತೇವ ಎಳ್ಕೊಂಡು ಕಬ್ಬಿಣ ತಿನ್ನುತ್ತೆ. ಅಡಿಹಲಗೆ ಉಬ್ಬಿಹೋಗಿತ್ತು: 18,400. ಕೊಕ್ಕೆ, ಬೋಲ್ಟು: 3,150. ತುಕ್ಕು ಉಜ್ಜಿ ಪೈಂಟ್: 6,000. ಕೂಲಿ ಬೇರೆ. ಅಂಗಡಿಯವನಿಗೆ ಫೋನ್ ಮಾಡಿದ್ರೆ "ನೀರು ಹಾಕಬಾರದಿತ್ತು ಸಾರ್" ಅಂತಾನೆ. ನೀರು ಹಾಕಬಾರದ ಮ್ಯಾಟ್ ಯಾಕಪ್ಪಾ ಬೇಕು?

ಜಯನಗರ ಸುಮಾ
ನನ್ನ ಹತ್ರ 7ಡಿ ನಾಲ್ಕು ವರ್ಷದಿಂದ ಇದೆ, ಇವತ್ತಿಗೂ ಹೊಸದರ ಹಾಗಿದೆ. ಸೀಟಿನ ಬೆನ್ನು, ಪಕ್ಕದ ಗೋಡೆ ಎಲ್ಲಾ ಮುಚ್ಚಿದೆ, ಟ್ರೇ ಅಷ್ಟು ಮುಚ್ಚುತ್ತಾ? ಪೊಟ್ಯಾಷ್ ಚೀಲ ಇಂಥ ಗಾಡಿಗೆ ಯಾರು ಹಾಕ್ತಾರೆ ಸ್ವಾಮಿ? ತೋಟದವರ ಮನೇಲಿ ಪಿಕಪ್ ಇರಲ್ವಾ?

ಸಕಲೇಶಪುರ ತೋಟ
ಪಿಕಪ್ ಇದೆ ಮೇಡಂ. ಡ್ರೈವರ್ ಅಕ್ಕನ ಮದುವೆಗೆ ಹೋಗಿದ್ದ. ನಿಮ್ಮ ಮ್ಯಾಟ್ ಹೊಸದರ ಹಾಗಿರೋದು ಡಿಕ್ಕೀಲಿ ಶಾಪಿಂಗ್ ಬ್ಯಾಗ್ ಬಿಟ್ಟು ಬೇರೇನೂ ಇಡದೇ ಇರೋದ್ರಿಂದ. ಒಂದ್ಸಲ ಮೂಲೆ ಎತ್ತಿ ಮೂಸಿ ನೋಡಿ, ಆಮೇಲೆ ಮಾತಾಡೋಣ.

ಕದ್ರಿ ಭಂಡಾರಿ
ಟಿಪಿಇ ತೆಗೊಳ್ಳಿ ಮಾರಾಯ್ರೆ, ಆದ್ರೆ ಅಳತೆ ನೋಡಿ ತೆಗೊಳ್ಳಿ. ನಾನು ಆನ್‌ಲೈನಲ್ಲಿ 9,800 ಕೊಟ್ಟು ತರಿಸಿದ್ದು. ಅಂಚು ಎರಡು ಬೆರಳು ಎತ್ತರ ಉಂಟು, ವಾಸನೆ ಇಲ್ಲ, ಬಿಸಿಲಲ್ಲಿ ಇಟ್ಟರೂ ಪಿವಿಸಿ ಹಾಗೆ ತಲೆನೋವು ಬರುವ ನಾತ ಇಲ್ಲ. ಎಲ್ಲ ಸರಿ. ಆದ್ರೆ ಅದು ನನ್ನ ಗಾಡಿಯ ಹಳೇ ಮಾಡೆಲಿಗೆ ಕಟ್ ಮಾಡಿದ್ದು. ನನ್ನದು ಫೇಸ್‌ಲಿಫ್ಟ್, ಅಂದ್ರೆ ಅದನ್ನೇ ಸ್ವಲ್ಪ ತಿದ್ದಿ ಬಿಟ್ಟದ್ದು, ಅದರಲ್ಲಿ ಕೊಕ್ಕೆಯ ಜಾಗ ಸ್ವಲ್ಪ ಹಿಂದೆ ಹೋಗಿದೆ. ಎಡ ಮೂಲೆ ಕೂರುವುದೇ ಇಲ್ಲ. "ಎಂತ ಆಗ್ತದೆ" ಅಂತ ನಾನೇ ಬ್ಲೇಡಿನಲ್ಲಿ ಒಂದು ಸೀಳು ಹಾಕಿದೆ.

ಆ ಸೀಳೇ ನನ್ನ ತಲೆ ತಿಂದದ್ದು. ಬೆಂಗಳೂರಿಗೆ ಮಗಳ ಮನೆಗೆ ಬಂಗುಡೆ, ಭೂತಾಯಿ ಮೀನು, ಥರ್ಮಾಕೋಲ್ ಪೆಟ್ಟಿಯಲ್ಲಿ ಐಸ್ ಹಾಕಿ ಹೊರಟೆವು. ಶಿರಾಡಿ ಘಾಟಿಯ ತಿರುವಲ್ಲಿ ಪೆಟ್ಟಿ ಓರೆ ಆಗಿದೆ. ಹಾಸನದಲ್ಲಿ ಚಾ ಕುಡಿಯಲು ನಿಲ್ಲಿಸಿ ಡಿಕ್ಕಿ ತೆಗೆದ್ರೆ ಟ್ರೇಯಲ್ಲಿ ಒಂದು ಲೋಟದಷ್ಟು ನೀರು. ಟ್ರೇ ಹಿಡಿದಿದೆ ಅಂತ ಖುಷಿ ಆಯ್ತು. ಪೆಟ್ಟಿಯ ಐಸು ಕರಗಿದ್ದು ಒಂದು ಲೋಟ ಅಲ್ಲ ಅಂತ ಹೊಳೆದದ್ದು ನಾಲ್ಕು ದಿನ ಕಳೆದು. ಉಳಿದದ್ದೆಲ್ಲ ಸೀಳಲ್ಲಿ ಇಳಿದು ಕಾರ್ಪೆಟಿನ ಅಡಿಯ ಸ್ಪಂಜಿಗೆ ಹೋಗಿದೆ. ನನ್ನದು ಜರ್ಮನ್ ಗಾಡಿ, ಬ್ಯಾಟರಿ ಡಿಕ್ಕಿಯ ಅಡಿಯಲ್ಲೇ ಇರುವುದು. ಮೊದಲು ಅಡುಗೆ ಸೋಡಾ, ಆಮೇಲೆ ಕಾಫಿ ಪುಡಿ (ಈಗ ಕಾಫಿ ಕುಡಿಯುವಾಗಲೂ ಮೀನು ನೆನಪಾಗ್ತದೆ). ಒಳಗಿನ ಕ್ಲೀನಿಂಗ್ ಎರಡು ಸಲ, ಒಂದಕ್ಕೆ 2,200. ಕೊನೆಗೆ ಕಾರ್ಪೆಟ್ ಸ್ಪಂಜು ಸಮೇತ ಬದಲು, ಒಂದು ವಯರಿಂಗ್ ಕನೆಕ್ಟರಲ್ಲಿ ಹಸಿರು ಕಿಲುಬು, ಒಟ್ಟು 41,000. ಹೆಂಡತಿ ಇವತ್ತಿಗೂ ಆ ಬ್ಲೇಡನ್ನು ತೆಗೆದು ತೋರಿಸ್ತಾಳೆ.

ಹುಬ್ಬಳ್ಳಿ ಪಾಟೀಲ
ಏನ್ರೀ, ಇಷ್ಟ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ? ನಾ 350 ರೂಪಾಯಿ ತಾಡಪತ್ರಿ ಹಾಸೇನಿ. ಹೊಲಸಾತು ಅಂದ್ರ ಹೊರಗ ತಗದು ಝಾಡಿಸಿ, ಪೈಪ್ ಹಿಡದು ತೊಳದು, ಕಂಪೌಂಡಿನ ಮ್ಯಾಲ ಒಣಗ ಹಾಕೂದು. ಮೂರು ವರ್ಷದಾಗ ಎರಡು ತಾಡಪತ್ರಿ, 700 ರೂಪಾಯಿ. ಮುಗೀತು.

ಜಯನಗರ ಸುಮಾ
ಅಷ್ಟು ದುಡ್ಡಿನ ಗಾಡಿಗೆ ತಾಡಪತ್ರಿ?! ಬ್ರೇಕ್ ಹಾಕಿದ್ರೆ ಸಾಮಾನೆಲ್ಲ ಜಾರ್ಕೊಂಡು ಮುಂದಕ್ಕೆ ಬರಲ್ವಾ?

ಹುಬ್ಬಳ್ಳಿ ಪಾಟೀಲ
ಬರ್ತಾವ್ರೀ. ಒಮ್ಮೆ ಉಪ್ಪಿನಕಾಯಿ ಭರಣಿ ಬಂದಿತ್ತು. ಅದಕ್ಕ ಕಟ್ಟಿ ಇಡಬೇಕ್ರಿ, ಅದಕ್ಕ ಕೊಕ್ಕಿ ಕೊಟ್ಟಿರ್ತಾರ. ಸಕಲೇಶಪುರದವರ ಕೊಕ್ಕಿ ತುಕ್ಕು ಹಿಡದಾವು, ಅದು ಬ್ಯಾರೆ ಮಾತು.

ಮಿಶಿಗನ್ ಮೈಸೂರಿಗ
ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರೀತಾರೆ. ಶೂ, ಸ್ಟ್ರೋಲರ್ ಚಕ್ರ, ಹಿಮ ಎತ್ತೋ ಸಲಿಕೆ ಎಲ್ಲಾ ಡಿಕ್ಕಿಗೇ, ಹಾಗಾಗಿ ಗಾಡಿ ಜತೆಗೇ ಲೈನರ್ (ನೀವು ಹೇಳೋ ಟ್ರೇನೇ) ತಗೋತೀವಿ. ನನ್ನ ಎಕ್ಸ್‌ಸಿ90ಗೆ 160 ಡಾಲರ್ ಆಯ್ತು. ಅದೇ ಥರದ್ದು ಮೈಸೂರಲ್ಲಿರೋ ತಮ್ಮನಿಗೂ ಅಂತ ಸುರುಳಿ ಸುತ್ತಿ ಸೂಟ್‌ಕೇಸಲ್ಲಿ ತಂದೆ. 23 ಕೆಜಿಯಲ್ಲಿ ಅದಕ್ಕೆ ಜಾಗ ಮಾಡೋಕೆ ಅತ್ತಿಗೆ ಹೇಳಿದ್ದ ಎರಡು ಬಾಣಲೆ ಬಿಟ್ಟುಬಂದೆ, ಅದರ ಮಾತು ಇನ್ನೂ ಮುಗಿದಿಲ್ಲ. ಸ್ಟೀರಿಂಗ್ ಎಡಕ್ಕಿರಲಿ ಬಲಕ್ಕಿರಲಿ ಡಿಕ್ಕಿ ಲೈನರ್ ಕೂತ್ಕೊಳ್ತು, ಮುಂದಿನ ಮ್ಯಾಟ್‌ಗಳು ದಂಡ ಆದವು. ಗಮನಿಸಿ: ಕೊನೇ ಸೀಟ್ ಮಡಚಿದಾಗ ಹಾಸೋ ದೊಡ್ಡದು ಬೇರೆ, ಸೀಟ್ ಎತ್ತಿದಾಗ ಹಿಂದೆ ಉಳಿಯೋ ಗೇಣು ಜಾಗದ ಚಿಕ್ಕದು ಬೇರೆ. ನಾನು ತಂದಿದ್ದು ದೊಡ್ಡದು. ತಮ್ಮನ ಮನೇಲಿ ಅಪ್ಪ, ಅಮ್ಮ, ಮಕ್ಕಳು ಸೇರಿ ಏಳು ಜನ. ಲೈನರ್ ಈಗ ಟೆರೇಸಲ್ಲಿದೆ, ಅದರ ಮೇಲೆ ಹಪ್ಪಳ ಒಣಗಿಸ್ತಾರೆ.

ಸಾಗರದ ಹೆಗಡೆ ಮನೆ
ಜೋನಿಬೆಲ್ಲದ ಬಗ್ಗೆ ಯಾರೂ ಹೇಳ್ಲಿಲ್ಲ. ಮ್ಯಾಟ್ ಆಮೇಲೆ, ಮೊದಲು ಡಬ್ಬ ನೋಡಿ. ಪಾಕ ಸ್ವಲ್ಪ ತೆಳುವಾಗಿದ್ರೂ ಬಿಸಿಲಿನ ಗಾಡೀಲಿ ಹುಳಿ ಬಂದು ಉಕ್ಕತ್ತೆ, ಮುಚ್ಚಳ ತಾನಾಗೇ ಎದ್ದುಬಿಡತ್ತೆ. ನಮ್ಮದು ರಾಣೆಬೆನ್ನೂರಿನ ಹತ್ರ "ಟಪ್" ಅಂತು. ಟೈರ್ ಹೋಯ್ತು ಅಂತ ಇಳಿದು ನಾಲ್ಕೂ ಚಕ್ರ ನೋಡಿದ್ವಿ. ಬೆಲ್ಲ ಸಕ್ಕರೆಯೇ ತಾನೆ, ಬಿಸಿನೀರಿಗೆ ಕರಗತ್ತೆ, ಎಣ್ಣೆಯಷ್ಟು ಕಷ್ಟ ಇಲ್ಲ. ಆದ್ರೆ ಟ್ರೇ ಮೈಮೇಲಿನ ಗೀರುಗಳಲ್ಲಿ ಉಳಿದದ್ದಕ್ಕೆ ಮರುದಿನ ಬೆಳಿಗ್ಗೆ ಪೋರ್ಟಿಕೋ ಗೋಡೆಯಿಂದ ಡಿಕ್ಕಿ ತನಕ ಕೆಂಪಿರುವೆ ಸಾಲು. ಡಬ್ಬ ಮುಕ್ಕಾಲು ಮಾತ್ರ ತುಂಬಿ, ಬಕೆಟ್ಟಲ್ಲಿ ಕೂರಿಸಿ ತನ್ನಿ.

ಶಿರಸಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ನಾಯಿ ಇರೋರು ಯಾರಾದ್ರೂ?

ಸಹಕಾರನಗರ ರಾಕಿ ಅಪ್ಪ
ನಮ್ಮ ರಾಕಿ 34 ಕೆಜಿ. 7ಡಿ ಹೊಲಿಗೆಗೆ ಉಗುರು ಸಿಕ್ಕಿಸಿ ಎರಡೇ ತಿಂಗಳಲ್ಲಿ ಕಿತ್ತು ಹಾಕಿದ. ಬರೀ ಟಿಪಿಇ ಹಾಕಿದ್ರೆ ತಿರುವಲ್ಲಿ ಜಾರ್ತಾನೆ, ಹೆದರ್ಕೊಂಡು ಅಲ್ಲೇ ಉಚ್ಚೆ. ಈಗ ಟ್ರೇ ಮೇಲೆ ಹಳೇ ಜಮಖಾನ. ಬಂಪರ್ ಮೇಲೆ ಇಳಿಬಿಡೋ ಪಟ್ಟಿ ತಗೊಳ್ಳಿ, ಹತ್ತೋವಾಗ ಗೀಚೋದು ಅಲ್ಲೇ. ಗಾಡಿಗೆ ಏರ್ ಸಸ್ಪೆನ್ಷನ್ ಇದ್ರೆ ಡಿಕ್ಕೀಲಿ ಬಟನ್ ಇರುತ್ತೆ, ಒತ್ತಿದ್ರೆ ಹಿಂಭಾಗ ತಗ್ಗುತ್ತೆ, ವಯಸ್ಸಾದ ನಾಯಿಗೆ ಅನುಕೂಲ. ಆಮೇಲೆ, ಯಾವ ಮ್ಯಾಟ್ ಹಾಕಿದ್ರೂ ವಾರಕ್ಕೊಮ್ಮೆ ಎತ್ತಿ ಕೆಳಗೆ ಕೈ ಆಡಿಸಿ ನೋಡಿ. ಅಂದಹಾಗೆ ಭಂಡಾರಿಯವರೇ, ಮೀನಿಗೋಸ್ಕರ 350 ಕಿಲೋಮೀಟರ್ ಯಾಕೆ? ಬೆಂಗಳೂರಲ್ಲಿ ರಸೆಲ್ ಮಾರ್ಕೆಟ್ ಇಲ್ವಾ?

ಕದ್ರಿ ಭಂಡಾರಿ
ರಸೆಲ್ ಮಾರ್ಕೆಟಿನ ಬಂಗುಡೆಯ ಕಣ್ಣು ನೋಡಿದ್ದೀರಾ? ನಮ್ಮಲ್ಲಿ ಬೆಕ್ಕು ಮೂಸುವುದಿಲ್ಲ ಅದನ್ನು. ನಾನು ತಂದದ್ದು ಬೆಳಿಗ್ಗೆ ಮೀನಿನ ದೋಣಿ ಬರುವ ಧಕ್ಕೆಯಲ್ಲಿ ನಿಂತು ಆರಿಸಿದ್ದು, ಜುಲೈ ಎರಡನೇ ವಾರ.

ಸಹಕಾರನಗರ ರಾಕಿ ಅಪ್ಪ
ಜುಲೈಯಾ? ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟಿಗೆ (ದೊಡ್ಡ ಬಲೆ ಎಳೆಯೋ ಯಂತ್ರದ ಬೋಟು) ನಿಷೇಧ ಸಾರ್. ನೀವು ಆರಿಸಿದ್ದು ಕೋಲ್ಡ್ ಸ್ಟೋರೇಜ್ ಮಾಲು. 41,000 ಅದಕ್ಕಾ?

ಕದ್ರಿ ಭಂಡಾರಿ
ನಾಡದೋಣಿಗೆ ನಿಷೇಧ ಇಲ್ಲ! ಮಳೆಗಾಲದಲ್ಲಿ ನಾಡದೋಣಿಯ ಮೀನಿಗೇ ರುಚಿ ಅಂತ ಗೊತ್ತಿಲ್ಲದವರು ಮೀನಿನ ವಿಷಯ ಮಾತಾಡಬಾರದು. ನೀವು ಜಮಖಾನ ತೊಳೀರಿ.

ಸಕಲೇಶಪುರ ತೋಟ
ಸುಮಾ ಮೇಡಂ, ಮೂಲೆ ಎತ್ತಿದ್ರಾ?

ಜಯನಗರ ಸುಮಾ
ಅಂಗಡಿಯವರು ಅಂಟು ಹಾಕಿ ಕೂರಿಸಿದ್ದಾರೆ, ಎತ್ತೋಕೆ ಬರಲ್ಲ.