ಸಹಾಯ ಬೇಕು: ಎನ್‌ಐಎಚ್ ಅನುದಾನದ ಲೇಖನಕ್ಕೆ ಪ್ರಕಾಶಕರು ಹಾಕಿರುವ 12 ತಿಂಗಳ ನಿರ್ಬಂಧ

ನಮಸ್ಕಾರ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಮಧುಮೇಹದ ಸಂಶೋಧಕಿಯಾಗಿರುವ ನನ್ನ ಲೇಖನವೊಂದು ಕಳೆದ ವಾರ ಪ್ರಕಟಣೆಗೆ ಅಂಗೀಕಾರವಾಗಿದೆ. ಅದಕ್ಕೆ ಹಣ ಕೊಟ್ಟಿರುವುದು ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್. 2008ರಿಂದ ಜಾರಿಯಲ್ಲಿದ್ದ ಅದರ ನಿಯಮವು ಲೇಖನವನ್ನು 12 ತಿಂಗಳವರೆಗೆ ಮುಚ್ಚಿಡಲು ಅವಕಾಶ ಕೊಡುತ್ತಿತ್ತು. 2025ರ ಜುಲೈ 1ರಿಂದೀಚೆಗೆ ಅಂಗೀಕಾರವಾದ ಲೇಖನಗಳಿಗೆ ಆ ಅವಕಾಶವಿಲ್ಲ, ಅಂಗೀಕೃತ ಹಸ್ತಪ್ರತಿಯನ್ನು ಕೂಡಲೇ ಎನ್‌ಐಎಚ್‌ನ ಉಚಿತ ಆನ್‌ಲೈನ್ ಲೇಖನ ಭಂಡಾರವಾದ ಪಬ್‌ಮೆಡ್ ಸೆಂಟ್ರಲ್‌ಗೆ ಸಲ್ಲಿಸಿ, ಪ್ರಕಟಣೆಯ ದಿನವೇ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಬೇಕು.

ತೊಡಕಿರುವುದು ಪ್ರಕಾಶಕರು ಕಳಿಸಿದ ಒಪ್ಪಂದಪತ್ರದಲ್ಲಿ. ಅದರ 4ನೇ ಕಲಂ ಈಗಲೂ "ಪ್ರಕಟಣೆಯಾದ 12 ತಿಂಗಳ ನಂತರ" ಎಂದೇ ಹೇಳುತ್ತದೆ. ತಕ್ಷಣ ಮುಕ್ತವಾಗಬೇಕಿದ್ದರೆ ಪ್ರಕಟಣಾ ಶುಲ್ಕ ಕಟ್ಟಿ ಎಂಬ ಉತ್ತರ ಬಂದಿದೆ. ಪಬ್‌ಮೆಡ್ ಸೆಂಟ್ರಲ್‌ಗೆ ಸಲ್ಲಿಸಲು ಶುಲ್ಕವೇ ಇಲ್ಲದಿರುವಾಗ ಇದು ನ್ಯಾಯವೆಂದು ನನಗನ್ನಿಸುವುದಿಲ್ಲ. ಈ ಅಧ್ಯಯನಕ್ಕಾಗಿ ಎರಡು ವರ್ಷ ರಕ್ತ ಕೊಟ್ಟ ಹಿರಿಯರೊಬ್ಬರು ಪ್ರತಿ ಭೇಟಿಯಲ್ಲೂ ತೋಳು ಮಡಚಿಕೊಳ್ಳುತ್ತಾ "ನಾನೂ ಅದನ್ನು ಓದಬಹುದೇ?" ಎಂದು ಕೇಳುತ್ತಿದ್ದರು, ಅವರನ್ನು ಇನ್ನೊಂದು ವರ್ಷ ಕಾಯಿಸಲು ನನಗೆ ಮನಸ್ಸಿಲ್ಲ.

ಇಂಥ ಕಲಮನ್ನು ಸಹಿಗೆ ಮುಂಚೆ ತಿದ್ದಿಸಿಕೊಂಡವರು ಯಾರಾದರೂ ಇದ್ದರೆ, ನೀವು ಬಳಸಿದ ಒಕ್ಕಣೆಯನ್ನೂ ಗ್ರಂಥಾಲಯದ ನೆರವು ಪಡೆದಿರೋ ಎಂಬುದನ್ನೂ ದಯವಿಟ್ಟು ತಿಳಿಸಿ. ಸಹಿ ಹಾಕಲು ಶುಕ್ರವಾರ ಕೊನೆಯ ದಿನ.