1943ರ ‘ಯಂಗ್ ಆಂಡ್ ವಿಲ್ಲಿಂಗ್’: ನಾಟಕದ ಮಕ್ಕಳಿಗೆ ತೋರಿಸಬಹುದಾ?

ಪರದೆಹಿಂದೆ (ಉಡುಪಿ):
ನಮ್ಮದು ಸಣ್ಣ ಹವ್ಯಾಸಿ ತಂಡ, ಹೆಚ್ಚಿನವರು ಕಾಲೇಜು ಮಕ್ಕಳು. ಒಂದು ಹಳೆ ಹಾಲಿವುಡ್ ಕಾಮಿಡಿ ತೋರಿಸಿ ಅದರ ಮೇಲೆ ಮಾತಾಡುವ ಅಂತ ಉಂಟು. ಈ ಚಿತ್ರ ಯಾರಾದರೂ ನೋಡಿದ್ದೀರಾ? ಯುದ್ಧದ ನಡುವೆ ಬಂದದ್ದು, ಆದರೆ ಕತೆಯಲ್ಲಿ ಬರೀ ಚಾನ್ಸ್ ಹುಡುಕುವ ಹುಡುಗ ಹುಡುಗಿಯರು, ಯುದ್ಧದ ಸುದ್ದಿಯೇ ಇಲ್ಲ. ಯಾಕೆ ಹಾಗೆ? ಹಿಡಿಸಿದರೆ ತುಳುವಿನಲ್ಲಿ ಆಡುವ ಆಸೆಯೂ ಉಂಟು.

ಕುಡ್ಲದ ಪ್ರೇಕ್ಷಕ:
ತೋರಿಸಿ ಮಾರಾಯ್ರೆ, ಯೋಚನೆ ಎಂತಕ್ಕೆ? ಮೂಲ ಫ್ರಾನ್ಸಿಸ್ ಸ್ವಾನ್ ಬರೆದ ನಾಟಕ. ಅದು ಬ್ರಾಡ್‌ವೇಗೆ ಬಂದದ್ದು 1941ರ ಆರಂಭದಲ್ಲಿ, ಅಮೆರಿಕ ಯುದ್ಧಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಮತ್ತೆ ಯುದ್ಧ ಎಲ್ಲಿಂದ ಬರಬೇಕು? ಸಿನಿಮಾ ತೆಗೆದದ್ದು ಪ್ಯಾರಮೌಂಟ್, ಬಿಡುಗಡೆ ಮಾಡಿದ್ದು ಯುನೈಟೆಡ್ ಆರ್ಟಿಸ್ಟ್ಸ್. ಯುನೈಟೆಡ್‌ನವರಲ್ಲಿ ಆಗ ಥಿಯೇಟರಿಗೆ ಕೊಡಲು ಸಾಕಷ್ಟು ಚಿತ್ರ ಇರಲಿಲ್ಲ, ಪ್ಯಾರಮೌಂಟ್‌ನವರಲ್ಲಿ ಮುಗಿಸಿ ಇಟ್ಟದ್ದು ಜಾಸ್ತಿ ಇತ್ತು, ಹಾಗಾಗಿ ಕೆಲವನ್ನು ಒಟ್ಟಿಗೆ ಮಾರಿದರು. ‘ಐ ಮ್ಯಾರೀಡ್ ಎ ವಿಚ್’ ಕೂಡ ಅದೇ ವ್ಯಾಪಾರದಲ್ಲಿ ಹೋದದ್ದು. ನಾಯಕ ವಿಲಿಯಂ ಹೋಲ್ಡನ್ 1942ರಲ್ಲೇ ಸೇನೆ ಸೇರಿದ್ದರು, ಚಿತ್ರ ಬರುವಾಗ ಅವರು ಸ್ಟುಡಿಯೋದಲ್ಲೇ ಇಲ್ಲ.

ಹಳೆ ಬಣ್ಣ:
ನನ್ನ ಪ್ರಕಾರ ಈ ಚಿತ್ರದ ಜೀವ ಹೋಲ್ಡನ್ ಅಲ್ಲ, ರಾಬರ್ಟ್ ಬೆಂಚ್ಲಿ. ಮೇಲಿನ ಮನೆಯಲ್ಲಿ ಕೈಯಲ್ಲಿ ಕಾಸಿಲ್ಲದ ಕಲಾವಿದರು, ಕೆಳಗೆ ದೊಡ್ಡ ನಿರ್ಮಾಪಕ, ಅವನನ್ನು ಹೇಗಾದರೂ ಮೇಲೆ ಕರೆಸಿ ಅವನದೇ ನಾಟಕ ಅವನಿಗೆ ಆಡಿ ತೋರಿಸಬೇಕು, ಕತೆ ಅಷ್ಟೇ. ಆ ನಿರ್ಮಾಪಕನೇ ಬೆಂಚ್ಲಿ. ತಮಾಷೆ ಎಂತ ಅಂದ್ರೆ ಈ ಮನುಷ್ಯ ನಿಜ ಜೀವನದಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಗೆ ವರ್ಷಗಟ್ಟಲೆ ನಾಟಕ ವಿಮರ್ಶೆ ಬರೆದವರು! ಅವರು ನಗಿಸಲು ಒದ್ದಾಡುವುದಿಲ್ಲ, ಗೊಣಗುತ್ತಾ ಸುಮ್ನೆ ಬಂದು ನಿಲ್ಲುತ್ತಾರೆ. ಉಳಿದವರು ಕಿರುಚುವುದು ಸ್ವಲ್ಪ ಹೆಚ್ಚೇ. ಕೊನೆಯ ಪೊಲೀಸ್ ಗಲಾಟೆ ನನಗೆ ಎಳೆದ ಹಾಗೆ ಅನಿಸಿತು. ಸೂಸನ್ ಹೇವರ್ಡ್ ಇನ್ನೂ ದೊಡ್ಡ ತಾರೆ ಆಗಿರಲಿಲ್ಲ, ಮುಂದೆ ಆಸ್ಕರ್ ಗೆದ್ದವರು, ಅವರನ್ನು ನೋಡಲಿಕ್ಕಾದರೂ ಹಾಕಿ.

ರಾಗಿಗುಡ್ಡೆ:
ಕಾಮಿಡಿ ಅಂದ್ರೆ ಬರೀ ಓಡಾಟ ಅಂತ ನಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ. ಈ ಚಿತ್ರ ತೋರಿಸಿದರೆ ಅದು ಇನ್ನೂ ಗಟ್ಟಿ ಆಗುತ್ತದೆ 😀

ಹಳೆ ಬಣ್ಣ:
ಅಲ್ಲ ಅಣ್ಣಾ, ಓಡಾಟ ಎಲ್ಲ ಒಂದೇ ಕೋಣೆಯಲ್ಲಿ, ಅದೇ ನೋಡಬೇಕಾದ್ದು. ಬಾಗಿಲು ತೆರೆದಾಗೆಲ್ಲ ಯಾರು ಬಂದರು, ಯಾರು ಅಡಗಬೇಕು, ಎಲ್ಲ ಲೆಕ್ಕ ಹಾಕಿ ಇಟ್ಟದ್ದು. ಒಂದೇ ಸೆಟ್ಟು, ಪರದೆ ಬದಲಿಸುವ ಗೋಜಿಲ್ಲ. ಮುದ್ದಣ ಮಂಟಪದಲ್ಲಿ ಆಡುವವರಿಗೆ ಇದಕ್ಕಿಂತ ಎಂತ ಬೇಕು?

ಕುಡ್ಲದ ಪ್ರೇಕ್ಷಕ:
ತುಳುವಿಗೆ ತರುವುದಾದರೆ ಎರಡು ಮಾತು. ನಾಟಕದ ಹಕ್ಕು ಯಾರಲ್ಲಿದೆ ಅಂತ ಮೊದಲು ವಿಚಾರಿಸಿ, ಆಮೇಲೆ ರಿಹರ್ಸಲ್. ಇನ್ನೊಂದು, ಮದುವೆಯಾಗದ ಹುಡುಗ ಹುಡುಗಿಯರು ಒಂದೇ ಮನೆ ಹಂಚಿಕೊಳ್ಳುವುದು ಅಲ್ಲಿ ನಗುವಿಗೆ ದೊಡ್ಡ ಕಾರಣ. ಇಲ್ಲಿ ಕದ್ರಿಯಲ್ಲೋ ಮಣಿಪಾಲದಲ್ಲೋ ಬಾಡಿಗೆ ಮನೆ ಮಾಡಿ ಓನರ್ ಕಣ್ಣು ತಪ್ಪಿಸಬೇಕು. ಅದು ಅಲ್ಲಿಗಿಂತ ಹೆಚ್ಚು ನಗೆ ತರಬಹುದು.

ಪರದೆಹಿಂದೆ (ಉಡುಪಿ):
ಓನರ್ ಪಾತ್ರಕ್ಕೆ ನಮ್ಮಲ್ಲಿ ಒಬ್ಬರು ರೆಡಿ ಇದ್ದಾರೆ, ಬೆಂಚ್ಲಿಗೇ ಜನ ಇಲ್ಲ. ಭಾನುವಾರ ಸಿನಿಮಾ ಹಾಕುತ್ತೇವೆ, ಬರುವವರು ಬನ್ನಿ. ಹಕ್ಕಿನ ಬಗ್ಗೆ ಗೊತ್ತಿದ್ದವರು ಇನ್‌ಬಾಕ್ಸ್ ಮಾಡಿ.